ಹೊರಗಿನ ಚಿಲಕ

“ಮೊದ್ಲು ಆ ನಾಯಿನ ಹೊರಗ ಒಗೀರಿ. ಹೆಣದ ಬಾಜೂಕ ನಾಯಿ ಕುಂದ್ರಿಸ್ಕೊಂಡು ಅಳಾಕತ್ತೀರಲ್ಲ, ನಾಚಿಕಿ ಬರಂಗಿಲ್ಲೇನು ನಿಮಗ?”

ದೊಡ್ಡಬಸಪ್ಪ ಪಡಸಾಲೆಯಲ್ಲಿ ನಿಂತು ಬೈಯುತ್ತಿದ್ದ. ಯಲಬುರ್ಗಾದಿಂದ ಮೊದಲ ಬಸ್ಸಿಗೆ ಬಂದವನು ಕಾಲಿನ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಸತ್ತವನು ಅವನ ಒಡಹುಟ್ಟಿದ ತಮ್ಮ ಗವಿಸಿದ್ದಪ್ಪ. ಅಳಬೇಕಾದವನು ಅಳುವ ಮೊದಲೇ ಜಗಳಕ್ಕೆ ನಿಂತದ್ದಕ್ಕೆ ಕಾರಣವಿತ್ತು.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗವಿಸಿದ್ದಪ್ಪನನ್ನು ಪಡಸಾಲೆಯ ಬೆಂಚಿನ ಮೇಲೆ, ಗೋಡೆಗೆ ಒರಗಿಸಿ, ಎದೆಗೆ ಧೋತರ ಬಿಗಿದು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವು. ಬೆಂಚಿನ ಮುಂದೆ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಮುಂಜಾನೆ ಓಣಿಯ ಹೆಂಗಸೊಬ್ಬಳು ಮಾಲೆ ಹಾಕಲು ಬಾಗಿದವಳು ಹಾಗೇ ಹಿಂದೆ ಸರಿದಳು. ಇವರು ಉಸಿರಾಡಾಕತ್ಯಾರ ಅಂದಳು. ಭಜನೆಯವರು ತಾಳ ನಿಲ್ಲಿಸಿದರು. ಆಗ ಎಲ್ಲರಿಗೂ ಕೇಳಿಸಿತು. ಗೊರ್ ಎಂದು ಎಳೆದು, ಬುಸ್ ಎಂದು ಬಿಡುವ ಉಸಿರು. ಗಿಣಿಗೇರಾದ ಆ ಓಣಿಗೆಲ್ಲ ಗೊತ್ತಿದ್ದ, ಗವಿಸಿದ್ದಪ್ಪನದೇ ಉಸಿರು. ಸತ್ತವನು ಕಣ್ಣು ಮುಚ್ಚಿ ಕೂತಿದ್ದಾನೆ, ಉಸಿರು ಮಾತ್ರ ನಡೆದಿದೆ.

ಅದೇ ಹೊತ್ತಿಗೆ ಬಂದ ದೊಡ್ಡಬಸಪ್ಪ ಬಿಳಿ ಬಟ್ಟೆಯನ್ನು ಕಿತ್ತು ನೋಡಿದ. ಬೆಂಚಿನ ಕೆಳಗೆ, ಗೋಡೆಯ ಮೂಲೆಗೆ ಒತ್ತಿಕೊಂಡು, ಬುಸ್ಯಾ ಕೂತಿತ್ತು. ಬೆಲ್ಲದ ಬಣ್ಣದ ಮೈ, ಬಾಣಲೆಯ ತಳದಂಥ ಕರಿ ಮುಸುಡಿ. ಯಾರೋ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದಂಥ ಮೂಗು, ಹೊರಗೆ ಬಂದ ಕಣ್ಣು, ಸುರುಳಿ ಬಾಲ. ಪಗ್ ಜಾತಿಯ ನಾಯಿ. ಮೊಣಕಾಲಿನಷ್ಟೂ ಎತ್ತರವಿಲ್ಲದ ಅದನ್ನು ನೋಡಿ ಗಂಡಸರು ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ನಗಲಿಲ್ಲ. ಹೆದರಿದವರಿಗೆ ಸಿಟ್ಟು ಬರುತ್ತದೆ.

ಹೆಣದ ಪಕ್ಕದಲ್ಲಿ ಗವಿಸಿದ್ದಪ್ಪನ ಹೆಂಡತಿ ವಿರೂಪಾಕ್ಷಮ್ಮ ಕೂತಿದ್ದಳು. ಹೆಣ ಏಳುವ ತನಕ ಹೆಂಡತಿ ಅದರ ಮಗ್ಗುಲು ಬಿಟ್ಟು ಏಳಬಾರದು. ಕೂತಲ್ಲಿಂದಲೇ ಅವಳು, ಅದು ಏನೂ ಮಾಡೂದಿಲ್ಲ, ಇಲ್ಲೇ ನೆರಳಾಗ ಇರ್ಲಿ ಅಂದಳು. ಹೆಣದ ಮೇಲೆ ನಾಯಿ ದಾಟಿದರೆ ಏನಾಗುತ್ತದೆ ಗೊತ್ತೇನು ಎಂದು ದೊಡ್ಡಬಸಪ್ಪ ಕೇಳಿದ. ಅವಳಿಗೆ ಗೊತ್ತಿತ್ತು. ಅಷ್ಟು ಗಿಡ್ಡ ಕಾಲಿನದು ಬೆಂಚು ಹತ್ತಲಾರದು ಎಂಬುದೂ ಗೊತ್ತಿತ್ತು. ಆದರೆ ಅಲ್ಲಿ ಅವಳ ಮಾತು ಕೇಳುವವರಿರಲಿಲ್ಲ.

ದೊಡ್ಡಬಸಪ್ಪ ನಾಯಿಯ ಕೊರಳಪಟ್ಟಿ ಹಿಡಿದು ಎಳೆದ. ಅದಕ್ಕೆ ಉಸಿರು ಕಟ್ಟಿ ನಾಲಿಗೆ ಹೊರಗೆ ಬಂತು. ಅವನು ಅದನ್ನು ಗವಿಸಿದ್ದಪ್ಪನ ಮಗನ ಕೈಗೆ ಕೊಟ್ಟ.

“ಮ್ಯಾಲ ತಗಡಿನ ಖೋಲ್ಯಾಗ ಹಾಕಿ ಚಿಲಕ ಹಾಕ್ಕೊಂಡು ಬಾ ಶರಣ್ಯಾ.”

ಶರಣಕುಮಾರ ನಾಯಿಯನ್ನು ತೋಳು ಚಾಚಿ, ಮೈಗೆ ತಾಗದಂತೆ ಹಿಡಿದುಕೊಂಡು ನಿಂತ. ಹೋಗಲಿಲ್ಲ. ಅವನ ಹೆಂಡತಿ ಅಮೃತಾ, ನಾನು ಒಯ್ಯುತ್ತೇನೆ ಕೊಡಿ ಎಂದು ಕೈ ಚಾಚಿದರೂ ಕೊಡಲಿಲ್ಲ.

“ಆ ಖೋಲ್ಯಾಗ ಬ್ಯಾಡ,” ಅಂದಳು ವಿರೂಪಾಕ್ಷಮ್ಮ. “ಅದಕ್ಕ ಶಕಿ ತಡ್ಯಂಗಿಲ್ಲ.”

ಒಬ್ಬಳು ಮುದುಕಿ ಬಾಯಿಗೆ ಸೆರಗು ಇಟ್ಟುಕೊಂಡು, ಗಂಡ ಹೋಗ್ಯಾನ, ಇಕಿಗೆ ನಾಯಿ ಚಿಂತಿ ಅಂದಳು. ಎಲ್ಲರೂ ಶರಣಕುಮಾರನನ್ನೇ ನೋಡುತ್ತಿದ್ದರು. ಅವನು ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೋದ. ಮೇಲೆ ಚಿಲಕ ಎಳೆದ ಸದ್ದು ಪಡಸಾಲೆಗೂ ಕೇಳಿಸಿತು. ಇಳಿದು ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೇ ತಿಂಗಳ ಬಿಸಿಲು ಇನ್ನೂ ಏರಿರಲಿಲ್ಲ.

*

ಬುಸ್ಯಾ ಆ ಮನೆಯದಲ್ಲ. ಗವಿಸಿದ್ದಪ್ಪ ಫ್ಯಾಕ್ಟರಿಯೊಂದರ ಸಾಹೇಬರ ಕ್ವಾರ್ಟರ್ಸಿಗೆ ಕಾವಲುಗಾರನಾಗಿದ್ದ. ಗೇಟು ತೆಗೆಯುವುದು, ಗೇಟು ಹಾಕುವುದು. ಅಷ್ಟೇ ಕೆಲಸ, ಅಷ್ಟೇ ಬದುಕು. ಯಾರಿಗೂ ಎದುರಾಡಿದವನಲ್ಲ. ಉತ್ತರ ದೇಶದ ಸಾಹೇಬನೊಬ್ಬನಿಗೆ ವರ್ಗವಾದಾಗ ಅವನ ಹೆಂಡತಿ ನಾಯಿಯನ್ನು ಬಿಟ್ಟು ಹೋಗಬೇಕಾಯಿತು. ಆ ಹೆಂಗಸು ಗೇಟಿನ ಹತ್ತಿರ ನಿಂತು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದ್ದನ್ನು ಅವನು ಗುರುವಿನ ಮಾತಿನಂತೆ ಇಟ್ಟುಕೊಂಡ. ಇದರ ಮೂಗು ಗಿಡ್ಡ, ಶಕೆ ಹೊರಹಾಕುವುದು ಇದಕ್ಕೆ ಬರುವುದಿಲ್ಲ. ಮಧ್ಯಾಹ್ನ ಓಡಿಸಬೇಡ. ಮುಚ್ಚಿದ ಜಾಗದಲ್ಲಿ ಬಿಡಬೇಡ. ಮುಖದ ನಿರಿಗೆಗಳನ್ನು ದಿನಾ ಒರೆಸು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಹೊಟ್ಟೆಬಾಕ, ಕೇಳಿದಷ್ಟು ಹಾಕಬೇಡ. ಏದುಸಿರು ಬಂದರೆ ಹಸಿ ಬಟ್ಟೆ ಹೊದಿಸು.

ಅದನ್ನು ಮನೆಗೆ ತಂದ ದಿನ ವಿರೂಪಾಕ್ಷಮ್ಮ, ಇದೇನು ನಾಯಿಯೋ, ಮಂಗವೋ, ಬಾಗಿಲಿಗೆ ಮುಖ ಜಜ್ಜಿಸಿಕೊಂಡ ಮುದುಕಿಯೋ ಎಂದು ಬೈದಿದ್ದಳು. ಕಳ್ಳ ಬಂದರೆ ಇದು ಅವನ ಕಾಲ ಬುಡದಲ್ಲಿ ಮಲಗಿ ಗೊರಕೆ ಹೊಡೆಯುತ್ತದೆ ಅಂದಿದ್ದಳು. ಹಾಗೇ ಆಯಿತು. ಅದು ಯಾರಿಗೂ ಬೊಗಳಲಿಲ್ಲ. ಹಾಲಿನವನಿಂದ ಹಿಡಿದು ಲೈನ್‌ಮನ್‌ವರೆಗೆ ಎಲ್ಲರ ಹಿಂದೆ ಬಾಲ ಸುತ್ತಿಕೊಂಡು ಹೋಯಿತು. ಹಠ ಮಾತ್ರ ಬಹಳ. ಬಾಗಿಲು ಹಾಕಿದರೆ ತೆರೆಯುವ ತನಕ ಉಗುರಿನಿಂದ ಕೆರೆಯುತ್ತಿತ್ತು. ಸೊಸೆ ಅಮೃತಾ ಎಷ್ಟೋ ಸಲ ಬಾಗಿಲಿನ ಬಣ್ಣ ಹೋಯಿತೆಂದು ಜಗಳ ತೆಗೆದಳು.

ಗವಿಸಿದ್ದಪ್ಪ ದಿನಾ ಮುಂಜಾನೆ ಕಟ್ಟೆಯ ಮೇಲೆ ಕೂತು ಅದರ ನಿರಿಗೆ ಒರೆಸುತ್ತಿದ್ದ. ಬಟ್ಟೆಗೆ ಕರಿ ಧೂಳು ಬರುತ್ತಿತ್ತು. ಆಮೇಲೆ ಅದೇ ಬಟ್ಟೆಯ ಇನ್ನೊಂದು ಮಗ್ಗುಲಿಗೆ ತಾನು ಕೆಮ್ಮಿ ನೋಡುತ್ತಿದ್ದ. ಅಲ್ಲೂ ಅದೇ ಬಣ್ಣ.

ಬರಬರುತ್ತ ಅವನ ಎದೆ ಕಟ್ಟಿತು. ಉಸಿರು ಎಳೆದರೆ ಗೊರ್, ಬಿಟ್ಟರೆ ಬುಸ್. ದನಿ ಬಿದ್ದು ಹೋಯಿತು. ಯಾರನ್ನಾದರೂ ಕರೆಯಬೇಕಾದರೆ ಗೋಡೆ ತಟ್ಟುತ್ತಿದ್ದ. ಶರಣಕುಮಾರ ತಮಾಷೆಗೆ ಅಪ್ಪನನ್ನು ದೊಡ್ಡ ಬುಸ್ಯಾ, ನಾಯಿಯನ್ನು ಸಣ್ಣ ಬುಸ್ಯಾ ಅನ್ನುತ್ತಿದ್ದ. ಗವಿಸಿದ್ದಪ್ಪನೂ ನಗುತ್ತಿದ್ದ. ಕತ್ತಲಲ್ಲಿ ಯಾವ ಗೊರಕೆ ಯಾರದೆಂದು ಹೆಂಡತಿಗೂ ತಿಳಿಯುತ್ತಿರಲಿಲ್ಲ.

*

ಕನಕಗಿರಿಯಿಂದ ಗವಿಸಿದ್ದಪ್ಪನ ತಂಗಿ ಶಾಂತಕ್ಕ ಬರುವ ತನಕ ಹೆಣ ಎತ್ತುವಂತಿರಲಿಲ್ಲ. ಬಸ್ಸು ಸಿಗಲಿಲ್ಲವೆಂದು ಫೋನು ಬಂತು. ಬಿಸಿಲು ಅಂಗಳದಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಪಡಸಾಲೆಗೆ ಬಂತು. ಗಂಡಸರು ಬೇವಿನ ನೆರಳಿಗೆ ಹೋದರು. ಭಜನೆಯವರ ದನಿ ಕೂಡ ಬತ್ತಿತು. ದೊಡ್ಡಬಸಪ್ಪ ಈಗ ಸಮಾಧಾನವಾಗಿ ಅಳುತ್ತಿದ್ದ. ಚಿಕ್ಕಂದಿನಲ್ಲಿ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದುದನ್ನು ಹೇಳಿ ಹೇಳಿ ಅಳುತ್ತಿದ್ದ.

ಮೇಲಿನಿಂದ ಕೆರೆಯುವ ಸದ್ದು ಬರುತ್ತಿತ್ತು. ಕರ್ ಕರ್. ಸ್ವಲ್ಪ ಬಿಟ್ಟು, ಮತ್ತೆ ಕರ್ ಕರ್.

ವಿರೂಪಾಕ್ಷಮ್ಮ ಆ ಸದ್ದನ್ನೇ ಕೇಳುತ್ತಿದ್ದಳು. ಸದ್ದು ನಡೆದಿರುವ ತನಕ ಜೀವ ಇದೆ. ಅಮೃತಾಳನ್ನು ಹತ್ತಿರ ಕರೆದು, ಒಂದು ತಟ್ಟೆ ನೀರು ಇಟ್ಟು ಬಾ ಅಂದಳು. ಅಮೃತಾ ಮೆಟ್ಟಿಲಿಗೆ ಹೋದವಳು ತಿರುಗಿ ಬಂದಳು. ಮೆಟ್ಟಿಲ ಕೆಳಗೆ ಗಂಡ ಕೂತಿದ್ದಾನೆ, ಮೇಲೆ ಯಾರೂ ಹೋಗಬೇಡಿ ಅನ್ನುತ್ತಾನೆ, ಅವನ ಮುಖ ನೋಡಲು ಹೆದರಿಕೆ ಆಗುತ್ತದೆ ಅಂದಳು.

ಅಷ್ಟರಲ್ಲಿ ಮರ್ದಾನಸಾಬ ಬಂದ. ಕ್ವಾರ್ಟರ್ಸಿನ ಇನ್ನೊಂದು ಗೇಟಿಗೆ ಕಾವಲಿದ್ದವನು, ಗವಿಸಿದ್ದಪ್ಪನ ಜೊತೆ ದಿನಾ ಸಂಜೆ ಚಹಾ ಕುಡಿದವನು. ನಿನ್ನೆ ಚಹಾದ ಹೊತ್ತಿಗೆ ಗೆಳೆಯ ಬರಲಿಲ್ಲವೆಂದು ಹುಡುಕಿಕೊಂಡು ಬಂದು, ತಗಡಿನ ಖೋಲಿಯಲ್ಲಿ ಹೆಣ ಮೊದಲು ಕಂಡವನೂ ಅವನೇ. ಗವಿಸಿದ್ದಪ್ಪ ಮಂಚದ ಮೇಲೆ ಮಲಗಿದ್ದವನು ಮಲಗಿದ್ದಂತೆಯೇ ಹೋಗಿದ್ದಾನೆ ಎಂದು ಅವನು ಎಲ್ಲರಿಗೂ ಹೇಳಿದ್ದ. ಮೊದಲೇ ಎದೆ ಕೆಟ್ಟವನು, ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿ ಹೋಗಿದ್ದ. ಯಾರೂ ಇನ್ನೇನೂ ಕೇಳಿರಲಿಲ್ಲ.

ಮರ್ದಾನಸಾಬ ಹೂ ಇಟ್ಟು, ಗೆಳೆಯನ ಮೊಣಕಾಲು ಮುಟ್ಟಿ, ಸುತ್ತ ನೋಡಿ, ಬುಸ್ಯಾ ಎಲ್ಲಿ ಎಂದು ಕೇಳಿದ. ವಿರೂಪಾಕ್ಷಮ್ಮ ಕಣ್ಣಿನಿಂದ ಮೇಲೆ ತೋರಿಸಿದಳು.

“ಮತ್ತ ಅಲ್ಲೇ ಹಾಕ್ಯಾರೇನು?” ಅಂದ.

ಆ ಒಂದು ಮಾತು ಅವಳನ್ನು ತಿವಿಯಿತು. ನಿನ್ನೆ ಸಂಜೆಯಿಂದ ಅವಳ ತಲೆಯಲ್ಲಿ ಒಂದು ವಿಷಯ ಮುಳ್ಳಿನಂತೆ ಕೂತಿತ್ತು. ಅಳುವಿನ ನಡುವೆ ಅದನ್ನು ತೆಗೆದು ನೋಡಲು ಆಗಿರಲಿಲ್ಲ. ಕೊಪ್ಪಳಕ್ಕೆ ಹೋಗಿದ್ದವಳು ನಿನ್ನೆ ಮನೆಗೆ ಬಂದಾಗ ನಾಯಿ ಓಡಿ ಬಂದು ಅವಳ ಸೀರೆಗೆ ಒರಗಿತ್ತು. ಸೀರೆ ಹಸಿಯಾಗಿತ್ತು.

*

ಗವಿಸಿದ್ದಪ್ಪ ತಗಡಿನ ಖೋಲಿಗೆ ಹೋದದ್ದು ಈ ಬೇಸಿಗೆಯಲ್ಲಿ. ಶರಣಕುಮಾರನಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಇತ್ತು. ಕುಲುಮೆಯ ಮುಂದೆ ನಿಂತು ಬಂದವನಿಗೆ ಹಗಲು ನಿದ್ದೆ ಬೇಕು. ಮನೆಯಲ್ಲಿ ಎರಡು ಬುಸ್ಯಾಗಳ ಗೊರಕೆ. ಅವನು ಕೆಟ್ಟವನಲ್ಲ. ನಿದ್ದೆಗೆಟ್ಟವನು. ಒಂದು ದಿನ ತಟ್ಟೆ ಎತ್ತಿ ಒಗೆದ. ಮರುದಿನ ಗವಿಸಿದ್ದಪ್ಪ ತಾನೇ ಹಾಸಿಗೆ ಸುತ್ತಿಕೊಂಡು, ನಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಹೋದ. ಹಳೇ ಸಾಮಾನು ಇಡಲು ಕಟ್ಟಿದ ಖೋಲಿ, ಗೋಡೆ ಇಟ್ಟಿಗೆಯದು, ಮೇಲೆ ತಗಡು. ಒಂದು ಫ್ಯಾನು, ಒಂದು ಕಿಟಕಿ. ಮಧ್ಯಾಹ್ನ ಅಲ್ಲಿ ಇರಬೇಡಿ ಎಂದು ವಿರೂಪಾಕ್ಷಮ್ಮ ಹೇಳಿದ್ದಳು. ಬಿಸಿಲೇರಿದ ಮೇಲೆ ಅವನೂ ನಾಯಿಯೂ ಇಳಿದು ಬಂದು ಬೇವಿನ ಬುಡದಲ್ಲಿ ಕೂರುತ್ತಿದ್ದರು.

ನಿನ್ನೆ ಅತ್ತೆ ಸೊಸೆ ಇಬ್ಬರೂ ಕೊಪ್ಪಳಕ್ಕೆ ಹೋಗಿದ್ದರು. ಗವಿಸಿದ್ದಪ್ಪನ ಎದೆಗೆ ಸೇದುವ ಔಷಧ ಮುಗಿದಿತ್ತು. ಗಾಳಿ ಫ್ಯಾಕ್ಟರಿ ಕಡೆಯಿಂದ ಬೀಸುತ್ತಿತ್ತು. ಹಾಗೆ ಬೀಸಿದ ದಿನ ಆ ಊರಿನಲ್ಲಿ ಯಾರೂ ಕಿಟಕಿ ತೆರೆದಿಡುವುದಿಲ್ಲ. ತೆರೆದರೆ ಅನ್ನದ ಮೇಲೂ ಕರಿ ಧೂಳು ಕೂರುತ್ತದೆ. ಕರೆಂಟು ಇಡೀ ಮಧ್ಯಾಹ್ನ ಇರಲಿಲ್ಲವೆಂದು ಬಸ್ಸಿನಲ್ಲೇ ಯಾರೋ ಹೇಳಿದ್ದರು.

*

ವಿರೂಪಾಕ್ಷಮ್ಮ ಮರ್ದಾನಸಾಬನನ್ನು ಹತ್ತಿರ ಕೂರಿಸಿಕೊಂಡಳು. ಕೇಳಿದಳು, ನಿನ್ನೆ ನಾಯಿ ಹಸಿ ಇತ್ತಲ್ಲ, ನೀನು ನೀರು ಹಾಕಿದೆಯಾ? ಅವನು ಇಲ್ಲವೆಂದು ತಲೆ ಆಡಿಸಿದ. ಅವನು ಬಾಗಿಲು ತೆರೆದಾಗ ಗವಿಸಿದ್ದಪ್ಪನ ಟವೆಲು ನಾಯಿಯ ಮೈಗೆ ಸುತ್ತಿತ್ತು, ತೊಯ್ದಿತ್ತು. ತಂಬಿಗೆ ಬೋರಲು ಬಿದ್ದಿತ್ತು. ಒಂದು ಹನಿ ಇರಲಿಲ್ಲ.

“ಹಂಗಾದ್ರ ಅವರು ಮಲಗಿದ್ದಿಲ್ಲ,” ಅಂದಳು. “ಎದ್ದಿದ್ರು.”

ಮರ್ದಾನಸಾಬ ಏಳಲು ನೋಡಿದ. ಅವಳು ಬಿಡಲಿಲ್ಲ.

“ಚಿಲಕ ಒಳಗಿತ್ತೋ, ಹೊರಗಿತ್ತೋ?”

ಅವನು ಕೂತಿರುವ ಗೆಳೆಯನ ಮುಖವನ್ನು ಒಮ್ಮೆ ನೋಡಿದ. ಸಾಕ್ಷಿ ಹೇಳುವವನು ದೇವರ ಕಡೆ ನೋಡುವಂತೆ.

“ಹೊರಗಿತ್ತು ಅಕ್ಕಾ. ನಾ ಬಾಗಲಾ ಜಗ್ಗಿದ ಕೂಡಲೇ ಅವನ ಕೈ ನನ್ನ ಕಾಲ ಮ್ಯಾಲ ಬಿತ್ತು. ಬಾಗಲಕ್ಕ ಒರಗಿ ಕುಂತಿದ್ದ. ಮಂಚದ ಮ್ಯಾಲ ಮಲಗಿಸಿದಾವ ನಾನು. ಖರೇ ಹೇಳಿದ್ರ ಮನಿ ಒಡೀತೈತಿ ಅಂತ ಸುಮ್ನಾದೆ.”

ಮೇಲೆ ಕರ್ ಕರ್ ಎಂಬ ಸದ್ದು ಮತ್ತೆ ಬಂತು. ಈ ಸಲ ನಿಧಾನವಾಗಿತ್ತು. ಆಮೇಲೆ, ತಗಡಿನ ಕೆಳಗಿಂದ, ಆ ಉಸಿರು. ಗೊರ್, ಬುಸ್. ಎಳೆಯುವುದು ಉದ್ದ, ಬಿಡುವುದು ಗಿಡ್ಡ. ಪಡಸಾಲೆಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಳು ಎದ್ದು ಹೋಗಿ ಅಂಗಳದಲ್ಲಿ ನಿಂತಳು.

ಆಗ ಮೆಟ್ಟಿಲ ಕೆಳಗಿದ್ದ ಶರಣಕುಮಾರ ಒಳಗೆ ಬಂದ. ಎರಡೂ ಕಿವಿಗಳ ಮೇಲೆ ಕೈ ಇತ್ತು. ಅದನ್ನು ಸುಮ್ಮನಿರಿಸಿರಿ, ಯಾರಾದರೂ ಹೋಗಿ ಅದನ್ನು ಸುಮ್ಮನಿರಿಸಿರಿ ಎಂದು ಯಾರಿಗೆ ಎಂದಿಲ್ಲದೆ ಹೇಳುತ್ತಿದ್ದ. ದೊಡ್ಡಬಸಪ್ಪ ಅವನ ಹೆಗಲು ಹಿಡಿದ. ಅಪ್ಪ ಸತ್ತ ದುಃಖ, ರಾತ್ರಿಯಿಂದ ಒಂದು ಗುಟುಕು ಚಹಾ ಕುಡಿದಿಲ್ಲ ಎಂದು ಎಲ್ಲರಿಗೂ ವಿವರಿಸಿದ.

ವಿರೂಪಾಕ್ಷಮ್ಮ ಕೂತಲ್ಲೇ ಮಗನನ್ನು ಕರೆದಳು. ದನಿ ಏರಿಸಲಿಲ್ಲ.

“ಚಿಲಕ ಯಾರ್ ಹಾಕಿದ್ರು ಶರಣಾ?”

ಯಾವ ಚಿಲಕ ಎಂದು ಅವನು ಕೇಳಲಿಲ್ಲ. ಅದೇ ಉತ್ತರವಾಯಿತು. ಅವನು ತಾಯಿಯ ಮುಂದೆ ಕುಕ್ಕರಿಸಿ, ನೆಲ ನೋಡುತ್ತ ಹೇಳಿದ. ಗಾಳಿಗೆ ಮೇಲಿನ ಬಾಗಿಲು ಧಡ್ ಧಡ್ ಬಡಿಯುತ್ತಿತ್ತು. ರಾತ್ರಿಯೆಲ್ಲ ಕುಲುಮೆ ಮುಂದೆ ನಿಂತು ಬಂದಿದ್ದೆ. ಹತ್ತಿ ಹೋಗಿ ಚಿಲಕ ಹಾಕಿ ಬಂದೆ. ಒಳಗೆ ನೋಡಲಿಲ್ಲ. ಅಪ್ಪ ಬೇವಿನ ಬುಡಕ್ಕೆ ಹೋಗಿರುತ್ತಾನೆ ಅಂದುಕೊಂಡೆ. ಇಷ್ಟು ಹೇಳಿ ನಿಂತ. ಮುಂದಿನದನ್ನು ಹೇಳದೆ ಇದ್ದಿದ್ದರೆ ಬಹುಶಃ ಎಲ್ಲವೂ ಹೇಗೋ ಮುಚ್ಚಿ ಹೋಗುತ್ತಿತ್ತು. ಆದರೆ ಮೇಲೆ ಮತ್ತೆ ಕರ್ ಕರ್ ಎಂದಿತು.

“ನನಗ ಕೇಳಿಸಿತ್ತು ಯವ್ವಾ,” ಅಂದ. “ಕೆರಿಯೂದು ಕೇಳಿಸಿತ್ತು. ಉಸಿರೂ ಕೇಳಿಸಿತ್ತು. ಭಾಳ ಹೊತ್ತು ಕೇಳಿಸಿತ್ತು. ನಾಯಿ ಅಂತ ತಿಳ್ಕೊಂಡೆ. ತಲಿದಿಂಬು ಕಿವಿ ಮ್ಯಾಲ ಇಟ್ಕೊಂಡು ಮಲಗಿದೆ.”

ದೊಡ್ಡಬಸಪ್ಪ ಅವನಿಂದ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ, ತಿಳಿಯದೆ ಆದದ್ದು, ಮೊದಲೇ ಎದೆ ಕೆಟ್ಟ ಮನುಷ್ಯ, ಇಂದಲ್ಲ ನಾಳೆ ಹೋಗುವವನೇ ಎಂದು ಗೊಣಗತೊಡಗಿದ. ಮನೆಯ ಮಾತು ಮನೆಯಲ್ಲಿರಲಿ, ಮೊದಲು ಮಣ್ಣು ಮುಗಿಯಲಿ ಅಂದ. ಮಣ್ಣು ಬಿದ್ದ ಮೇಲೆ ಯಾವ ಮಾತೂ ಇರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೇಲೆ ಸದ್ದು ನಿಂತಿತು.

ವಿರೂಪಾಕ್ಷಮ್ಮ ಎದ್ದಳು. ಹೆಣ ಏಳುವ ಮೊದಲು ಹೆಂಡತಿ ಎದ್ದದ್ದನ್ನು ನೋಡಿ ಹೆಂಗಸರು ಅವಳ ಸೆರಗು ಹಿಡಿದರು. ಸೆರಗನ್ನು ಅವಳು ಬಿಡಿಸಿಕೊಂಡಳು. ಹೆಣದ ಮುಂದೆ ಪೂಜೆಗೆಂದು ಇಟ್ಟಿದ್ದ ತಾಮ್ರದ ಕೊಡ ಎತ್ತಿಕೊಂಡಳು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು, ಅದು ಮಡಿ ನೀರು ತಾಯಿ ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಸಂಧಿವಾತದ ಕಾಲು, ಕಬ್ಬಿಣದ ಮೆಟ್ಟಿಲು ಬಿಸಿಲಿಗೆ ಕಾದು ಹಂಚಾಗಿತ್ತು. ಬರಿಗಾಲಲ್ಲಿ ಹತ್ತಿದಳು.

ಚಿಲಕ ಮುಟ್ಟಿದರೆ ಸುಡುತ್ತಿತ್ತು. ಸೆರಗು ಸುತ್ತಿ ಎಳೆದಳು. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಬಾಗಿಲಿನ ಒಳಮೈಯನ್ನು ನಿನ್ನೆಯ ನಂತರ ಅವಳು ಮೊದಲ ಸಲ ನೋಡಿದಳು. ಕೆಳಗೆ, ನೆಲದಿಂದ ಗೇಣೆತ್ತರದಲ್ಲಿ ನಾಯಿಯ ಉಗುರಿನ ಗೀರುಗಳಿದ್ದವು. ಅದಕ್ಕೂ ಮೇಲೆ, ಕೂತ ಮನುಷ್ಯನ ಕೈ ಸಿಗುವ ಎತ್ತರದಲ್ಲಿ, ಇನ್ನೂ ಕೆಲವು ಗೀರುಗಳಿದ್ದವು. ಅಗಲವಾದವು.

ಬುಸ್ಯಾ ಅಡ್ಡ ಬಿದ್ದಿತ್ತು. ನಾಲಿಗೆ ನೀಲಿಯಾಗಿ ನೆಲಕ್ಕೆ ತಾಗಿತ್ತು. ಮೂಲೆಯಲ್ಲಿ ನಿನ್ನೆಯ ಟವೆಲು ಕಟ್ಟಿಗೆಯಂತೆ ಒಣಗಿ ಬಿದ್ದಿತ್ತು. ಅವಳು ಅದನ್ನು ಕೊಡದಲ್ಲಿ ಅದ್ದಿ ನಾಯಿಗೆ ಸುತ್ತಿದಳು. ಗಂಡ ಮಾಡುತ್ತಿದ್ದಂತೆ ಮೊದಲು ಹೊಟ್ಟೆ, ಕಾಲಿನ ಸಂದು, ಆಮೇಲೆ ತಲೆ. ಮುಖದ ನಿರಿಗೆಯಲ್ಲಿ ಬೆರಳಾಡಿಸಿ ನೊರೆ ತೆಗೆದಳು. ಉಳಿದ ನೀರನ್ನು ಮೆಲ್ಲಗೆ ಸುರಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟವೆಲಿನ ಒಳಗಿನಿಂದ ಸಣ್ಣಗೆ, ಗೊರ್ ಎಂದಿತು.

ಅವಳು ಅದನ್ನು ಕೂಸಿನಂತೆ ಎತ್ತಿಕೊಂಡು ಇಳಿದಳು. ಪಡಸಾಲೆಗೆ ಹೋಗಲಿಲ್ಲ. ಅಂಗಳ ದಾಟುವಾಗ ದೊಡ್ಡಬಸಪ್ಪ ಅಡ್ಡ ಬಂದ.

“ಎಲ್ಲಿಗೆ ಹೊಂಟಿ? ಗಂಡ ಇನ್ನೂ ಒಳಗ ಕುಂತಾನ.”

“ಕಡೇ ನೀರು ಅವರು ಕುಡೀಲಿಲ್ಲ, ಇದಕ್ಕ ಹಾಕ್ಯಾರ,” ಅಂದಳು. “ಇದರ ಜೀವ ಈ ಮನ್ಯಾಗ ಒಣಗೂದು ಬ್ಯಾಡ.”

ಶರಣಕುಮಾರ ಹೊಸ್ತಿಲಲ್ಲಿ ನಿಂತಿದ್ದ. ಅವಳು ಅವನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಓಣಿಗೆ ಇಳಿದು, ಮನೆಗಳ ನೆರಳು ಹಿಡಿದು ಹೋದಳು. ಟವೆಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲೋ ತಂಪಿಗೆ ಕೂತು ಬರುತ್ತಾಳೆ ಎಂದು ಅಮೃತಾ ಹೇಳಿದಳು.

ಶಾಂತಕ್ಕ ಬಂದಳು, ಅಣ್ಣನ ಕಾಲು ಹಿಡಿದು ಅತ್ತಳು, ಅತ್ತಿಗೆ ಎಲ್ಲಿ ಎಂದು ಕೇಳಿದಳು. ಗಂಡಸರು ರಸ್ತೆಯ ತನಕ ಹೋಗಿ ನೋಡಿ ಬಂದರು. ಮರ್ದಾನಸಾಬನನ್ನೂ ಕಳಿಸಿದರು. ಅವನು ಓಣಿಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು, ಕಾಣಲಿಲ್ಲ ಎಂದು ಹೇಳಿ, ನಾಯಿಯ ತಟ್ಟೆ ತೆಗೆದುಕೊಂಡು ತನ್ನ ಮನೆಗೆ ಹೋದ. ಇನ್ನು ಇಡಲು ಬಾರದೆಂದು ಅಯ್ಯನವರು ಹೇಳಿದ ಮೇಲೆ ಹೆಂಡತಿ ಇಲ್ಲದೆಯೇ ಗವಿಸಿದ್ದಪ್ಪನನ್ನು ಎತ್ತಿದರು.

ಮಣ್ಣು ಕೊಟ್ಟು ಬಂದಾಗ ಹೊತ್ತು ಇಳಿದಿತ್ತು. ವಿರೂಪಾಕ್ಷಮ್ಮನ ಬಳೆ ಇಳಿಸಲು ಹೆಂಗಸರು ಹೊಸ್ತಿಲಲ್ಲಿ ಇಟ್ಟಿದ್ದ ತಟ್ಟೆ ಹಾಗೇ ಇತ್ತು. ಗಾಳಿ ಮತ್ತೆ ಫ್ಯಾಕ್ಟರಿ ಕಡೆಯಿಂದ ಬೀಸತೊಡಗಿತ್ತು. ಖಾಲಿ ತಟ್ಟೆಯಲ್ಲಿ ಕರಿ ಧೂಳು ತೆಳ್ಳಗೆ ಕೂತಿತ್ತು. ಓಣಿಯವರು ಒಬ್ಬೊಬ್ಬರಾಗಿ ಕಿಟಕಿ ಹಾಕಿಕೊಂಡರು.

ಮೇಲೆ ತಗಡಿನ ಖೋಲಿಯ ಬಾಗಿಲು ಬಡಿಯುತ್ತಿತ್ತು. ಧಡ್. ಸ್ವಲ್ಪ ಬಿಟ್ಟು, ಧಡ್. ಶರಣಕುಮಾರ ಪಡಸಾಲೆಯಲ್ಲಿ, ಅಪ್ಪ ಒರಗಿದ್ದ ಗೋಡೆಯ ಎದುರು ಕೂತಿದ್ದ. ಮನೆಯ ತುಂಬ ಮಂದಿ ಇದ್ದರು. ಚಿಲಕ ಹಾಕಿ ಬರಲು ಯಾರೂ ಏಳಲಿಲ್ಲ.